ಫೋನ್ ಎತ್ತದ ಯಜಮಾನ, ಮೂಲಪತ್ರ ಕಾಣದ ದಲ್ಲಾಳಿ



ಚಳ್ಳಕೆರೆಯಲ್ಲಿ ನಮಗೊಂದು ಮನೆ ಬೇಕು ಅಂತ ಯಾರದಾದರೂ ಕಿವಿಗೆ ಹಾಕಿ ನೋಡಿ. ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಫೋನು ಶುರುವಾಗುತ್ತದೆ. ‘ಸಾರ್, ಪಾವಗಡ ರೋಡಲ್ಲಿ ಒಂದು ಮೂವತ್ತು ನಲವತ್ತು ಐತೆ, ಈಸ್ಟ್ ಫೇಸಿಂಗು, ಪಕ್ಕಾ ಪೇಪರ್ರು.’ ಸರಿ, ಹೋಗಿ ನೋಡುತ್ತೀರಿ. ಹೆಂಡತಿಗೂ ಮನೆ ಹಿಡಿಸುತ್ತದೆ, ಅಡುಗೆಮನೆಯ ಕಿಟಕಿಯ ಬಗ್ಗೆ ಮಾತ್ರ ಒಂದು ತಕರಾರು. ದುಡ್ಡಿನ ಲೆಕ್ಕ ಹಾಕಿ ಒಂದು ಬೆಲೆ ಹೇಳಿ ಬರುತ್ತೀರಿ. ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಯಜಮಾನರು ಫೋನ್ ಎತ್ತುವುದಿಲ್ಲ. ದಲ್ಲಾಳಿ ಎತ್ತುತ್ತಾನೆ, ‘ನೋಡಾನ ತಡೀರಿ ಸಾರ್, ಅವರು ಬೆಂಗಳೂರಿಗೆ ಹೋಗವ್ರೆ’ ಅನ್ನುತ್ತಾನೆ. ಮುಂದಿನ ವಾರವೂ ಅವರು ಬೆಂಗಳೂರಿನಲ್ಲೇ ಇರುತ್ತಾರೆ.

ಈ ಮೌನವನ್ನು ಕೊಳ್ಳುವವರು ಸಾಮಾನ್ಯವಾಗಿ ಎರಡೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಒಂದು, ಯಜಮಾನನಿಗೆ ಸೊಕ್ಕು. ಇನ್ನೊಂದು, ಬೇರೆ ಯಾರೋ ಹೆಚ್ಚಿಗೆ ಕೊಡುತ್ತೇನೆ ಅಂದಿದ್ದಾರೆ. ಎರಡನೆಯದನ್ನು ನಂಬಿದವರು ತಾವೇ ಬೆಲೆ ಏರಿಸಿಕೊಂಡು ಹೋಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಸೀಮೆಯಲ್ಲಿ ಮಾರುವವರು ಸುಮ್ಮನಾದರೆ ಬಹಳ ಸಲ ಅದು ಕಾಗದದ ತೊಡಕು, ಇಲ್ಲವೇ ಅಣ್ಣತಮ್ಮಂದಿರ, ಅಕ್ಕತಂಗಿಯರ ತೊಡಕು. ಕೆಲವು ಸಲ ಆ ಮೌನ ಯಜಮಾನನದೇ ಅಲ್ಲ, ನಡುವೆ ನಿಂತ ದಲ್ಲಾಳಿಯದು. ಅದು ಯಾರ ಮೌನ ಎಂದು ತಿಳಿಯುವವರೆಗೆ ಬೆಲೆಯ ಮಾತು ಎತ್ತಬಾರದು.

ಮೊದಲು ದಲ್ಲಾಳಿಯ ಸಂಗತಿ. ಚಳ್ಳಕೆರೆ ಎಣ್ಣೆಗಿರಣಿಗಳ ಊರು. ಶೇಂಗಾ ಮಂಡಿಯಲ್ಲಿ ದಲಾಲಿ ಮಾಡಿ ಬದುಕಿದ ಮನೆತನಗಳಿಗೆ ಇಲ್ಲಿ ಕೊರತೆ ಇಲ್ಲ. ಆದರೆ ಜಾಗದ ದಲ್ಲಾಳಿಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಹುಟ್ಟಿಕೊಂಡದ್ದು ಈಚೆಗೆ. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಅಮೃತಮಹಲ್ ಹುಲ್ಲುಗಾವಲಿನಲ್ಲಿ ಸಾವಿರಾರು ಎಕರೆಯನ್ನು ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗೆ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ ಹೋಯಿತು. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ‘ಸೈನ್ಸ್ ಸಿಟಿ ಬಂತು’ ಅನ್ನುವ ಮಾತು ಹಬ್ಬಿತು. ಕುರಿ ಮೇಯಿಸುತ್ತಿದ್ದವರಿಗೆ ಹುಲ್ಲುಗಾವಲು ಹೋಯಿತು, ಆ ಕಥೆ ಬೇರೆ, ಅದು ಇನ್ನೂ ದೊಡ್ಡದು. ಊರೊಳಗಿನವರಿಗೆ ಮಾತ್ರ ಹೊಲವೆಲ್ಲ ಸೈಟಾಗಿ ಕಾಣತೊಡಗಿತು. ಮೊಬೈಲ್ ಅಂಗಡಿಯವನು, ಆಟೋದವನು, ಮಳೆಯಿಲ್ಲದೆ ಹೊಲ ಬೀಳು ಬಿಟ್ಟ ರೈತನ ಮಗ, ಎಲ್ಲರೂ ಒಂದೊಂದು ವಿಸಿಟಿಂಗ್ ಕಾರ್ಡು ಮಾಡಿಸಿಕೊಂಡರು.

ಅವರನ್ನು ಹೀಗಳೆಯುತ್ತಿಲ್ಲ. ಚಳ್ಳಕೆರೆ, ಪಕ್ಕದ ಮೊಳಕಾಲ್ಮುರು, ಎರಡೂ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ವರ್ಷಕ್ಕೊಂದು ಶೇಂಗಾ ಬೆಳೆ, ಅದೂ ಮಳೆ ಕೃಪೆ ಮಾಡಿದರೆ. ಉಳಿದ ತಿಂಗಳು ಹುಡುಗರು ಏನು ಮಾಡಬೇಕು? ಆದರೆ ಹಳೆಯ ದನದ ಜಾತ್ರೆಯ ದಲ್ಲಾಳಿಯನ್ನು ನೆನೆಸಿಕೊಳ್ಳಿ. ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವ ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ, ಸುಳಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸಿ ಕುಂಟು ಇದೆಯೇ ನೋಡುತ್ತಿದ್ದ. ಈಗಿನ ಮನೆ ದಲ್ಲಾಳಿ ಮನೆಯ ಹಲ್ಲು ನೋಡುವುದಿಲ್ಲ. ಮೂಲಪತ್ರ ಯಾರ ಹೆಸರಲ್ಲಿದೆ ಎಂದು ಕೇಳಿ, ‘ಅದೆಲ್ಲ ಕ್ಲಿಯರ್ ಐತೆ ಸಾರ್’ ಅನ್ನುತ್ತಾನೆ. ನೀನು ಕಣ್ಣಾರೆ ನೋಡಿದ್ದೀಯೇನಪ್ಪಾ ಎಂದು ಕೇಳಿ, ಆಗ ಸುಮ್ಮನಾಗುತ್ತಾನೆ.

ಇವರಿಗೆ ಲೈಸೆನ್ಸ್ ಬೇಡವೇ ಎಂದು ಕೆಲವರು ಕೇಳುತ್ತಾರೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಬಂದ ಮೇಲೆ ಏಜೆಂಟರು ನೋಂದಣಿ ಮಾಡಿಸಬೇಕು, ನಿಜ. ಆದರೆ ಅದು ರೇರಾದಲ್ಲಿ ನೋಂದಣಿಯಾಗಬೇಕಾದ ಬಡಾವಣೆ, ಅಪಾರ್ಟ್‌ಮೆಂಟು ಮಾರಿಸುವವರಿಗೆ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಎಂಟಕ್ಕಿಂತ ಹೆಚ್ಚು ಮನೆ ಕಟ್ಟುತ್ತಿದ್ದರೆ ಆ ಯೋಜನೆ ರೇರಾಕ್ಕೆ ಬರುತ್ತದೆ. ಹಳೇ ಪೇಟೆಯ ಒಂದು ಹಳೇ ಮನೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡಿಸುವ ದಲ್ಲಾಳಿಗೆ ಆ ಕಾಯ್ದೆ ತಾಗುವುದಿಲ್ಲ. ಅವನಿಗೆ ಪರೀಕ್ಷೆಯಿಲ್ಲ, ನೋಂದಣಿಯಿಲ್ಲ, ದೂರು ಕೊಡಲು ಮೇಲೊಂದು ಕಚೇರಿಯೂ ಇಲ್ಲ. ಹೊಸ ಲೇಔಟಿನಲ್ಲಿ ಸೈಟು ತೋರಿಸುವವನನ್ನು ಮಾತ್ರ ರೇರಾ ಸಂಖ್ಯೆ ಕೇಳಿ. ಬಡಾವಣೆಗೂ ಒಂದು ಸಂಖ್ಯೆ ಇರಬೇಕು, ಅವನಿಗೂ ಒಂದು ಇರಬೇಕು.

ಈ ಹೊಸ ದಲ್ಲಾಳಿಯ ದೊಡ್ಡ ತೊಂದರೆ ಅಜ್ಞಾನಕ್ಕಿಂತ ಹೆಚ್ಚಾಗಿ ಭಯ. ನಿಮಗೂ ಯಜಮಾನರಿಗೂ ಮುಖಾಮುಖಿ ಮಾಡಿಸಿದರೆ ಇಬ್ಬರೂ ಸೇರಿ ತನ್ನನ್ನು ಬಿಟ್ಟುಬಿಡುತ್ತಾರೆ, ಕಮಿಷನ್ ಹೋಗುತ್ತದೆ ಎಂಬ ಭಯ. ಎಷ್ಟೋ ಸಲ ಹಾಗಾಗಿಯೂ ಇದೆ, ಹುಡುಗನ ಭಯ ಸುಳ್ಳಲ್ಲ. ಆದ್ದರಿಂದ ಅವನು ನಿಮ್ಮ ಬೆಲೆಯನ್ನು ಅರ್ಧ ಹೇಳುತ್ತಾನೆ, ಅವರ ಮಾತನ್ನು ಅರ್ಧ ತರುತ್ತಾನೆ. ಅವನ ಹಿಂದೆ ಇನ್ನೊಬ್ಬ ಇರುತ್ತಾನೆ, ಆ ಇನ್ನೊಬ್ಬನಿಗೆ ಯಜಮಾನರ ಭಾವಮೈದುನ ಪರಿಚಯ. ಈ ಸರಪಳಿಯಲ್ಲಿ ನಿಮ್ಮ ಮಾತು ಯಜಮಾನರ ಮನೆ ಬಾಗಿಲಿಗೆ ಮುಟ್ಟದೆಯೂ ಇರಬಹುದು. ಮೊಳಕಾಲ್ಮುರು ಕಡೆ ಇನ್ನೊಂದು ಫಜೀತಿ. ಪಕ್ಕದಲ್ಲೇ ಆಂಧ್ರದ ಗಡಿ. ಮಾತು ಬಿಸಿಯಾಗುತ್ತಿದ್ದಂತೆ ದಲ್ಲಾಳಿಯೂ ಯಜಮಾನರೂ ತೆಲುಗಿಗೆ ಇಳಿಯುತ್ತಾರೆ, ದಾವಣಗೆರೆಯಿಂದ ಬಂದವರು ಮಜ್ಜಿಗೆ ಲೋಟ ಹಿಡಿದು ಇವರ ಮುಖ ಅವರ ಮುಖ ನೋಡುತ್ತ ಕೂರಬೇಕು.

ಇದಕ್ಕೆ ನಾನು ಹೇಳುವ ಉಪಾಯ ಸರಳ. ದಲ್ಲಾಳಿಯ ಕಮಿಷನ್ನನ್ನು ಮೊದಲೇ ಬರೆದುಕೊಡಿ. ನೂರಕ್ಕೆ ಒಂದೋ ಎರಡೋ, ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು, ರಿಜಿಸ್ಟರ್ ಆದ ದಿನ ಕೊಡುತ್ತೇನೆ, ಯಜಮಾನರ ಜತೆ ನಾನೇ ನೇರ ಮಾತಾಡಿದರೂ ಕೊಡುತ್ತೇನೆ ಎಂದು ಸಹಿ ಹಾಕಿ. ಅದಕ್ಕೆ ಬದಲಾಗಿ ಅವನಿಂದ ಎರಡು ಕೆಲಸ ಕೇಳಿ: ಯಜಮಾನರ ಮುಂದೆ ಕೂರಿಸುವುದು, ಮೂಲಪತ್ರದ ಪ್ರತಿ ತರುವುದು. ಆ ಹಾಳೆ ಕೈಗೆ ಸಿಕ್ಕ ಮೇಲೆ ಹುಡುಗನ ನಡಿಗೆಯೇ ಬದಲಾಗುತ್ತದೆ. ಆಗಲೂ ಕರೆದುಕೊಂಡು ಹೋಗದಿದ್ದರೆ ಅವನಿಗೆ ಯಜಮಾನರ ಪರಿಚಯವೇ ಇಲ್ಲ ಎಂದು ತಿಳಿಯಿರಿ, ಬೇರೆ ದಾರಿ ಹುಡುಕಿ.

ಇನ್ನು ಯಜಮಾನರ ವಿಷಯ.

ನಮ್ಮಲ್ಲಿ ಮನೆ ಮಾರುವುದು ಮರ್ಯಾದೆಯ ಪ್ರಶ್ನೆ. ನಾಯಕನಹಟ್ಟಿಯ ದೊಡ್ಡ ತೇರಿನ ದಿನ ತಿಪ್ಪೇರುದ್ರಸ್ವಾಮಿಯ ಮುಕ್ತಿ ಬಾವುಟವನ್ನು ಜನಸಾಗರದ ಮುಂದೆ ಕೂಗಿ ಹರಾಜು ಹಾಕುತ್ತಾರೆ, ಲಕ್ಷ ಲಕ್ಷಕ್ಕೆ ಹೋಗುತ್ತದೆ, ಹಿಡಿದವರ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದೇ ಜನ ತಮ್ಮ ಮನೆಯ ಬೆಲೆಯನ್ನು ಪಕ್ಕದ ಮನೆಗೆ ಕೇಳುವಂತೆ ಹೇಳಲಾರರು. ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಹಾಕುವುದಂತೂ ದೂರದ ಮಾತು. ಮಾರುತ್ತಾರೆಂದರೆ ಸಾಲ ಆಗಿದೆ, ಗಿರಣಿ ನಿಂತಿದೆ, ಮಗ ಏನೋ ಮಾಡಿಕೊಂಡಿದ್ದಾನೆ ಎಂದು ಬೀದಿ ಆಡಿಕೊಳ್ಳುತ್ತದೆ. ನೀವು ದಲ್ಲಾಳಿಯನ್ನೂ ನೆಂಟರನ್ನೂ ಒಂದು ಕಾರಿನಲ್ಲಿ ತುಂಬಿಕೊಂಡು ಹಗಲು ಹನ್ನೆರಡಕ್ಕೆ ಬಾಗಿಲಲ್ಲಿ ಇಳಿದು, ಗೋಡೆ ತಟ್ಟಿ ನೋಡಿ, ‘ಹಳೇ ಮನೆ, ಕೆಡವಬೇಕು’ ಎಂದು ಅಂಗಳದಲ್ಲೇ ಹೇಳಿದರೆ ಆ ಮನೆಯ ಹಿರಿಯ ಇನ್ನು ನಿಮ್ಮ ಫೋನ್ ಎತ್ತುವುದುಂಟೇ? ಅವರು ಹುಟ್ಟಿದ್ದೇ ಆ ಮನೆಯಲ್ಲಿ. ಇಬ್ಬರೇ ಹೋಗಿ. ಸಂಜೆ ಹೊತ್ತು ಹೋಗಿ. ಮೊದಲ ಸಲ ಬೆಲೆ ಮಾತಾಡಬೇಡಿ. ಅವರು ಗೌರವಿಸುವ ಒಬ್ಬ ಹಿರಿಯರು, ನಿವೃತ್ತ ಮೇಷ್ಟ್ರೋ ಮಂಡಿಯ ಸಾಹುಕಾರರೋ ಜತೆಗಿದ್ದರೆ ಅದಕ್ಕಿಂತ ಒಳ್ಳೆಯ ದಲ್ಲಾಳಿ ಇಲ್ಲ.

ಕಾಲವನ್ನೂ ನೋಡಿ. ಆಷಾಢದಲ್ಲಿ, ಧನುರ್ಮಾಸದಲ್ಲಿ ಮನೆ ಮಾತಿಗೆ ಉತ್ತರ ಬರದಿದ್ದರೆ ಬೇಸರ ಪಡಬೇಕಿಲ್ಲ. ಶೇಂಗಾ ಕೀಳುವ ದಿನಗಳಲ್ಲೂ ಅಷ್ಟೆ.

ಇದೆಲ್ಲ ಕಳೆದ ಮೇಲೂ ಉತ್ತರವಿಲ್ಲ ಅಂದರೆ ಆಗ ಕಾಗದಕ್ಕೆ ಬನ್ನಿ. ಈಗ ಮೌನಕ್ಕೆ ಅತಿ ದೊಡ್ಡ ಕಾರಣ ಇ-ಖಾತೆ. 2024ರ ಕೊನೆಯಿಂದ ರಾಜ್ಯದ ಎಲ್ಲ ಕಡೆ ನೋಂದಣಿಗೆ ಇ-ಖಾತೆ ಬೇಕು. ಚಳ್ಳಕೆರೆ ನಗರಸಭೆ, ಮೊಳಕಾಲ್ಮುರು ಪಟ್ಟಣ ಪಂಚಾಯಿತಿಯ ಸ್ವತ್ತಿಗೆ ಇ-ಆಸ್ತಿ, ಹಳ್ಳಿಯ ಮನೆಗೆ ಇ-ಸ್ವತ್ತು. ಎಷ್ಟೋ ಮನೆಗಳ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ತೀರಿಕೊಂಡು ಮೂವತ್ತು ವರ್ಷ. ಮೊಮ್ಮಗ ವಾಸವಿದ್ದಾನೆ, ಕಂದಾಯ ಕಟ್ಟುತ್ತಾನೆ, ತನ್ನದೇ ಎಂದು ನಂಬಿದ್ದಾನೆ. ನೀವು ಬೆಲೆ ಹೇಳಿದ ಮೇಲೆ ಪತ್ರ ಬರೆಯುವವರ ಹತ್ತಿರ ಹೋಗಿ ಕೇಳಿದಾಗ ಅವನಿಗೆ ಗೊತ್ತಾಗುತ್ತದೆ: ಮರಣ ಪತ್ರ ಬೇಕು, ವಂಶವೃಕ್ಷ ಬೇಕು, ಪೌತಿ ಖಾತೆಯಾಗಬೇಕು, ವಂಶವೃಕ್ಷದಲ್ಲಿರುವ ಎಲ್ಲರೂ ಒಪ್ಪಬೇಕು. ಇದನ್ನು ನಿಮಗೆ ಹೇಳಲು ಸಂಕೋಚ. ಆಮೇಲೆ ಅವನು ಫೋನ್ ಎತ್ತುವುದಿಲ್ಲ. ಇಂಥವನಿಗೆ ಬೇಕಾದದ್ದು ಹೆಚ್ಚಿನ ಬೆಲೆಯಲ್ಲ, ತಾಲ್ಲೂಕು ಕಚೇರಿಗೂ ನಗರಸಭೆಗೂ ಅಲೆಯುವ ಒಬ್ಬ ಜತೆಗಾರ. ‘ಖಾತೆ ಮಾಡಿಸೋಣ ಬನ್ನಿ, ನಾನೂ ಬರ್ತೀನಿ’ ಅಂದ ಕೊಳ್ಳುವವನಿಗೆ ಆ ಮನೆ ಸಿಗುತ್ತದೆ.

ಎರಡನೆಯ ಕಾರಣ ಮೂಲಪತ್ರ ಮನೆಯಲ್ಲಿಲ್ಲದಿರುವುದು. ‘ಬೀರುವಿನಲ್ಲಿದೆ, ಬೀಗದ ಕೈ ಮಗನ ಹತ್ತಿರ ಇದೆ’ ಅನ್ನುತ್ತಾರೆ. ವಾರಗಳಾದರೂ ಮಗ ಬರುವುದಿಲ್ಲ. ಪತ್ರ ಬ್ಯಾಂಕಿನಲ್ಲೋ, ಸೊಸೈಟಿಯಲ್ಲೋ, ಬಡ್ಡಿಗೆ ಕೊಡುವವರ ಪೆಟ್ಟಿಗೆಯಲ್ಲೋ ಇದೆ ಎಂದು ಅನುಮಾನ ಪಡಬೇಕಾದ ಹೊತ್ತಿದು. ದಲ್ಲಾಳಿ ಆಗ ಇಸಿ ತಂದು ತೋರಿಸುತ್ತಾನೆ, ‘ನೋಡಿ ಸಾರ್, ಏನೂ ಋಣ ಇಲ್ಲ’. ಋಣಭಾರ ಪ್ರಮಾಣಪತ್ರದಲ್ಲಿ ನಮೂನೆ 15 ಅಂದರೆ ವ್ಯವಹಾರಗಳ ಪಟ್ಟಿ, ನಮೂನೆ 16 ಅಂದರೆ ಏನೂ ಇಲ್ಲ ಎಂಬುದು. ಆದರೆ ನೀವು ಕೊಟ್ಟ ವಿವರಕ್ಕೆ ತಕ್ಕ ಉತ್ತರವನ್ನಷ್ಟೇ ಅದು ಕೊಡುತ್ತದೆ. ಮನೆ ನಂಬರು ತಪ್ಪು ಕೊಟ್ಟರೆ ಎಂಥ ಸಾಲದ ಮನೆಗೂ ನಮೂನೆ 16 ಬರುತ್ತದೆ. ನೋಂದಣಿಯಾಗದ ಕೈಸಾಲ ಅದರಲ್ಲಿ ಕಾಣುವುದೇ ಇಲ್ಲ. ಕಾವೇರಿ ತಂತ್ರಾಂಶದಲ್ಲಿ 2004ರಿಂದೀಚಿನ ವಿವರ ಆನ್‌ಲೈನ್ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕ ಹುಡುಕಿಸಬೇಕು. ಹುಡುಕಿಸಿ. ಮೂಲಪತ್ರವನ್ನು ಕಣ್ಣಿಂದ ನೋಡದೆ ಒಂದು ರೂಪಾಯಿ ಕೊಡಬೇಡಿ.

ಮೊಳಕಾಲ್ಮುರಿನ ನೇಕಾರರ ಬೀದಿಯ ಮನೆಗಳಿಗೆ ಅವುಗಳದ್ದೇ ಲಕ್ಷಣ ಇದೆ. ರೇಷ್ಮೆ ಸೀರೆಗೆ ಭೌಗೋಳಿಕ ಮಾನ್ಯತೆ ಪಡೆದ ಊರು ಅದು. ನಡುಮನೆಯಲ್ಲೇ ಮಗ್ಗ ಇರುತ್ತದೆ. ಮನೆ ಮಾರುವುದೆಂದರೆ ಅವರಿಗೆ ಕೆಲಸದ ಜಾಗ ಬಿಡುವುದೂ ಹೌದು. ಮಗ್ಗ ಎಲ್ಲಿಗೆ ಒಯ್ಯಬೇಕು ಎಂದು ತೀರ್ಮಾನವಾಗದೆ ಅವರು ಉತ್ತರ ಕೊಡುವಂತಿಲ್ಲ. ಮನೆ ಖಾಲಿ ಮಾಡಲು ಹಾಸಿದ ನೂಲು ಮುಗಿಯುವವರೆಗೆ ಗಡುವು ಕೊಡುತ್ತೇನೆ ಎನ್ನಿ, ಮಾತು ಮುಂದುವರಿಯುತ್ತದೆ. ಅಲ್ಲಿ ಹಳೆಯ ಪತ್ರಗಳಲ್ಲಿ ಅಳತೆಗಿಂತ ಚಕ್ಕುಬಂದಿಯೇ ಮುಖ್ಯ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೆ ಹಾಳುಗೋಡೆ. ಆ ಇಂಥವರು ತೀರಿಕೊಂಡು, ಆ ಮನೆ ಮೂರು ಪಾಲಾಗಿ, ಹಾಳುಗೋಡೆ ಬಿದ್ದು ಹೋಗಿರುತ್ತದೆ. ಅಣ್ಣತಮ್ಮಂದಿರ ನಡುವೆ ಒಂದೇ ಗೋಡೆ, ಒಂದೇ ಬಾವಿ. ಅಕ್ಕಪಕ್ಕದವರನ್ನು ಕರೆಸಿ, ಟೇಪು ಹಿಡಿಸಿ, ಈಗಿನ ಅಳತೆಯನ್ನೂ ಈಗಿನ ಚಕ್ಕುಬಂದಿಯನ್ನೂ ಬರೆಸಬೇಕು. ದಲ್ಲಾಳಿಗೆ ಇದು ಹೊಳೆಯುವುದಿಲ್ಲ. ಹೊಳೆದರೂ, ನೆರೆಯವರು ಬಂದರೆ ವ್ಯಾಪಾರ ಕೆಡುತ್ತದೆ ಎಂದು ಮುಚ್ಚಿಡುತ್ತಾನೆ. ಕೆಡುವ ವ್ಯಾಪಾರ ದುಡ್ಡು ಕೊಡುವ ಮೊದಲೇ ಕೆಡಲಿ.

ಇವಲ್ಲದೆ ಸರ್ಕಾರದ ಹಕ್ಕುಪತ್ರದ ಮನೆಗಳೂ ಇವೆ. ನಿಗದಿತ ಅವಧಿಯವರೆಗೆ ಮಾರಬಾರದೆಂಬ ಷರತ್ತು ಆ ಹಕ್ಕುಪತ್ರದಲ್ಲೇ ಅಚ್ಚಾಗಿರುತ್ತದೆ, ಓದಿ. ಊರಂಚಿನ ಹೊಸ ಲೇಔಟಿನಲ್ಲಿ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ. ಅದು 1978ರ ಪಿಟಿಸಿಎಲ್ ಕಾಯ್ದೆ. ಜಮೀನು ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಎರಡೂ ತಾಲ್ಲೂಕಿನಲ್ಲಿ ಇಂಥ ಮಂಜೂರಾತಿ ಜಮೀನು ಬಹಳ ಇದೆ. ‘ಮಂಜೂರಾತಿ ಜಮೀನೇನಪ್ಪಾ?’ ಎಂದು ದಲ್ಲಾಳಿಯನ್ನು ಕೇಳಿ, ಅವನ ಮುಖ ನೋಡಿ. ಗೊತ್ತಿಲ್ಲ ಅಂದರೆ ಪ್ರಾಮಾಣಿಕ ಹುಡುಗ.

ಇನ್ನು ಬಯಾನಾ ಕೊಟ್ಟ ಮೇಲೆ ಯಜಮಾನರು ಸುಮ್ಮನಾದರೆ? ಅದು ಬೇರೆಯದೇ ಲೆಕ್ಕ. ಕ್ರಯದ ಕರಾರು ಆದ ಮಾತ್ರಕ್ಕೆ ಮನೆಯ ಮೇಲೆ ನಿಮಗೆ ಹಕ್ಕು ಬರುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮು ಹೇಳುತ್ತದೆ. ಕರಾರನ್ನು ನೋಂದಣಿ ಮಾಡಿಸಿದರೆ ಅದು ಇಸಿಯಲ್ಲಿ ಕಾಣುತ್ತದೆ, ಇನ್ನೊಬ್ಬ ಬಂದು ಕೊಳ್ಳುವ ಮೊದಲು ಯೋಚಿಸುತ್ತಾನೆ. ಕರಾರಿನಲ್ಲಿ ತಾರೀಕು ಹಾಕಿಸಿ. ಆ ತಾರೀಕಿನಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ತಾರೀಕು ಇಲ್ಲದಿದ್ದರೆ ಅವರು ಒಲ್ಲೆ ಅಂದದ್ದು ನಿಮಗೆ ತಿಳಿದಂದಿನಿಂದ ಮೂರು ವರ್ಷ. ಏನೂ ಹೇಳದೆ ಸುಮ್ಮನಿರುವ ಮನುಷ್ಯ ಯಾವಾಗ ಒಲ್ಲೆ ಅಂದ ಎಂಬುದೇ ಮುಂದೆ ವಾದವಾಗಿ ಕೂರುತ್ತದೆ. ಕೋರ್ಟಿಗೆ ಹೋದರೆ ನೀವು ಉಳಿದ ಹಣ ಕೊಟ್ಟು ಕೊಳ್ಳಲು ಮೊದಲಿಂದ ಕೊನೆಯವರೆಗೂ ಸಿದ್ಧರಿದ್ದಿರಿ ಎಂದು ರುಜುವಾತು ಮಾಡಬೇಕು. ಅದಕ್ಕಾಗಿಯೇ ಫೋನ್ ಮಾಡಿ ಮಾಡಿ ಬೇಸತ್ತು ಕೂರುವ ಬದಲು ಒಂದು ನೋಟಿಸು ಕಳುಹಿಸಿ: ಹಣ ಸಿದ್ಧವಿದೆ, ಇಂಥ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬನ್ನಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಸ್ವೀಕೃತಿ ಸಿಗುವಂತೆ ಅದರಲ್ಲೇ ಕಳುಹಿಸಿ, ರಸೀದಿ ಜೋಪಾನ. ಬಯಾನಾವನ್ನು ನಗದಾಗಿ ಕೊಡಬೇಡಿ. ಸ್ಥಿರಾಸ್ತಿಯ ಮುಂಗಡ ಇಪ್ಪತ್ತು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದಕ್ಕೆ 2015ರಿಂದಲೇ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ, ಪಡೆದವರಿಗೆ ದಂಡ. ಇದನ್ನು ಯಜಮಾನರಿಗೆ ಹೇಳಿ. ಚೆಕ್ಕು ಬೇಡ ಅನ್ನುತ್ತಿದ್ದವರು ಆಮೇಲೆ ಚೆಕ್ಕೇ ಕೊಡಿ ಅನ್ನುತ್ತಾರೆ.

ಕೊನೆಗೆ ಹೆಣ್ಣುಮಕ್ಕಳ ಸಹಿ. ಎಷ್ಟೋ ಮನೆಗಳ ಮೌನದ ತಳದಲ್ಲಿರುವುದು ಇದೇ. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಅಣ್ಣನಿಗೆ ಇದು ಗೊತ್ತು. ತಂಗಿಯನ್ನು ಕೇಳಿದರೆ ಪಾಲು ಕೇಳುತ್ತಾಳೆ, ಕೇಳದಿದ್ದರೆ ರಿಜಿಸ್ಟರ್ ಮಾಡಿಕೊಡುವಂತಿಲ್ಲ. ಅದಕ್ಕೇ ಅವನು ‘ಬೆಂಗಳೂರಿಗೆ’ ಹೋಗಿರುತ್ತಾನೆ. ದಲ್ಲಾಳಿಯ ಸಲಹೆ ಏನೆಂದರೆ, ‘ಹೆಣ್ಮಕ್ಕಳ್ದು ಬಿಡ್ರಿ ಸಾರ್, ವಂಶವೃಕ್ಷದಲ್ಲಿ ಹೆಸರು ಬಿಟ್ರಾತು’. ಹೀಗೆ ಹೇಳಿದ ದಲ್ಲಾಳಿಗೆ ಅಲ್ಲೇ ಕೈ ಮುಗಿದು ಎದ್ದು ಬನ್ನಿ. ಮುಂದೆ ಆ ತಂಗಿಯ ಮಗ ದಾವೆ ಹಾಕಿದಾಗ ಕೋರ್ಟಿನ ಬೆಂಚಿನಲ್ಲಿ ಕೂರುವವರು ನೀವು, ದಲ್ಲಾಳಿಯಲ್ಲ.

ಅಣ್ಣನಿಗೆ ಹೇಳಲಾಗದ ಮಾತನ್ನು ಕೊಳ್ಳುವವರು ಹೇಳಬಹುದು. ಒಪ್ಪಿದ ಬೆಲೆಯಲ್ಲಿ ತಂಗಿಯರ ಪಾಲಿನ ಚೆಕ್ಕನ್ನು ನೇರ ಅವರ ಹೆಸರಿಗೇ ಬರೆಯುತ್ತೇನೆ, ಕ್ರಯಪತ್ರದಲ್ಲಿ ಚೆಕ್ಕಿನ ನಂಬರು ಹಾಕಿಸುತ್ತೇನೆ ಎನ್ನಿ. ಸೀರೆ ಕುಬಸಕ್ಕೆ ಎಂದು ಒಂದಿಷ್ಟು ಕೈಗಿಟ್ಟು ಸಹಿ ಪಡೆಯುವುದಕ್ಕಿಂತ ಇದು ಗಟ್ಟಿ. ಮೊಳಕಾಲ್ಮುರಿನ ಹೆಣ್ಣುಮಕ್ಕಳನ್ನು ರಾಯದುರ್ಗ, ಕಲ್ಯಾಣದುರ್ಗದ ಕಡೆ ಕೊಟ್ಟಿರುತ್ತಾರೆ. ವಯಸ್ಸಾದವರಿಗೆ ಬಸ್ಸು ಹತ್ತಿ ಬರುವುದು ಕಷ್ಟ. ಬರಲೇಬೇಕೆಂದಿಲ್ಲ. 1908ರ ನೋಂದಣಿ ಕಾಯ್ದೆಯ 33ನೇ ಕಲಮಿನಂತೆ ಅವರು ತಮ್ಮ ಊರಿಗೆ ಸೇರಿದ ಸಬ್‌ರಿಜಿಸ್ಟ್ರಾರರ ಮುಂದೆಯೇ ಮುಖ್ತ್ಯಾರ್ ಪತ್ರಕ್ಕೆ ಸಹಿ ಮಾಡಿ ದೃಢೀಕರಿಸಿಕೊಂಡರೆ, ಇಲ್ಲಿ ಅವರ ಪರವಾಗಿ ನಂಬಿಕಸ್ತರೊಬ್ಬರು ಕ್ರಯಪತ್ರ ಹಾಜರು ಮಾಡಬಹುದು. ದಲ್ಲಾಳಿ ಹೇಳುವ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಇದಲ್ಲ. ಜಿಪಿಎ ಬರೆಸಿಕೊಂಡರೆ ಮನೆ ನಿಮ್ಮದಾದಂತೆಯೇ ಎಂದು ಅವನು ಹೇಳಿದರೆ, ಅಂಥ ಪತ್ರದಿಂದ ಒಡೆತನ ದಾಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ತೀರ್ಪು ಕೊಟ್ಟಿದೆ ಎನ್ನಿ. ರಾಯದುರ್ಗದಲ್ಲಿ ಮಾಡಿಸಿದ ಪತ್ರ ತೆಲುಗಿನಲ್ಲಿದ್ದರೆ ಕನ್ನಡ ಅನುವಾದವನ್ನೂ ಜತೆಗಿಡಿ, ತಂಗಿಯ ಆಧಾರ್‌ನಲ್ಲಿರುವ ಹೆಸರು ವಂಶವೃಕ್ಷದಲ್ಲಿರುವ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇರುವುದು ಆ ಕಡೆ ಸಾಮಾನ್ಯ. ಅದಕ್ಕೊಂದು ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಂಡು ಹೋದರೆ ನೋಂದಣಿಯ ದಿನ ಸಂಜೆಯವರೆಗೆ ಕಾಯುವ ಪ್ರಮೇಯ ಬರುವುದಿಲ್ಲ.